ಅಕ್ಕ ಬೆಟ್ಟದ ಕೆರೆಗೆ ಬಂದ ಬೇಸಿಗೆ

ಹೋದ ತಿಂಗಳು ಘತ್ತರಗಿಗೆ ಹೋಗಿದ್ದೆ. ನನಗೇನೂ ಹರಕೆ ಇರಲಿಲ್ಲ. ಜೇವರಗಿಯಿಂದ ನಾದಿನಿ ಬಂದಿದ್ದಳು, ಭಾಗ್ಯವಂತಿಯ ದರ್ಶನ ಆಗಲೇಬೇಕು ಎಂದು ಹಟ ಹಿಡಿದಳು, ಮನೆಯಲ್ಲಿ ಕೆಲಸವಿಲ್ಲದೆ ಕೂತ ಗಂಡಸು ಎಂದರೆ ನಾನೊಬ್ಬನೇ. ಹೆಂಗಸರು ಗುಡಿಯೊಳಗೆ ಹೋದರು, ನಾನು ಹೊಳೆಯ ಮೆಟ್ಟಿಲ ಮೇಲೆ ಕೂತೆ. ಸೊನ್ನದ ಬ್ಯಾರೇಜಿನಿಂದ ನೀರು ಬಿಟ್ಟಿರಲಿಲ್ಲ. ಭೀಮೆ ದಂಡೆ ಬಿಟ್ಟು ಒಳಕ್ಕೆ ಸರಿದಿದ್ದಳು. ಕೆಳಗಿನ ಮೆಟ್ಟಿಲುಗಳ ಮೇಲೆ ಪಾಚಿ ಒಣಗುತ್ತಿತ್ತು. ಬಿಸಿಲಿಗೆ ಒಣಗುವ ಪಾಚಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಚಹಾದ ಅಂಗಡಿಯ ಮುಂದೆ ನಿಂತೆ. "ಯಾಕ್ರಿ ಮಾವಾ, ಮಾರಿ ಹಿಂಗ್ಯಾಕ ಆಗ್ಯದ?" ಎಂದು ನಾದಿನಿ ಬಂದು ಕೇಳಿದಳು. "ಬಿಸಲು" ಎಂದೆ. ಸುಳ್ಳು ಹೇಳುವುದು ನನಗೆ ರೂಢಿಯಾಗಿಬಿಟ್ಟಿದೆ.

ನಾಲ್ಕು ವರ್ಷದ ಹಿಂದಿನ ಮಾತು. ನಿವೃತ್ತಿಗೆ ಇನ್ನೊಂದೇ ವರ್ಷ ಇದ್ದಾಗ ಇಲಾಖೆಯವರು ನನ್ನನ್ನು ಅಫಜಲಪುರದಿಂದ ಎತ್ತಿ ಒಂದು ಬೆಟ್ಟದೂರಿನ ಕೆರೆಗೆ ಒಗೆದರು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ರಜೆಗೆ ಅಲ್ಲಿ ಹೋಗಿ ಬಂದ ಫೋಟೊ ತೋರಿಸುತ್ತೀರಿ, ನನಗದು ಬೇಡ. ಕಾಗದದ ಮೇಲೆ ನಾನು ಮಾಹಿತಿ ಸಹಾಯಕ. ಕೆಲಸ ಮಾತ್ರ ಗಿಣಿಯದು. ಬಸ್ಸಿನಿಂದ ಇಳಿದ ಪ್ರವಾಸಿಗಳನ್ನು ದೋಣಿಮನೆಯ ಮುಂದೆ ನಿಲ್ಲಿಸಿಕೊಂಡು ಕೆರೆಯ ಇತಿಹಾಸ ಹೇಳಬೇಕು, ದಿನಕ್ಕೆ ಐದಾರು ಸಲ. ನನಗಿಂತ ಮುಂಚೆ ಇದ್ದವನು ಟೈಪು ಮಾಡಿಟ್ಟ ನಾಲ್ಕು ಹಾಳೆ ಬಿಟ್ಟು ಹೋಗಿದ್ದ. ವಾರದಲ್ಲಿ ಬಾಯಿಪಾಠ ಮಾಡಿಕೊಂಡೆ.

ಮೊದಲು ಅದು ಕೆರೆಯೇ ಅಲ್ಲ. ನಾಲ್ಕು ಗುಡ್ಡಗಳ ನಡುವಿನ ಜೌಗು, ಎಮ್ಮೆ ಮೇಯುವ ಜಾಗ. ಬೇಸಿಗೆ ಕಳೆಯಲು ಮೇಲೆ ಹತ್ತಿದ ಒಬ್ಬ ಬಿಳಿಯ ಅಧಿಕಾರಿಗೆ ದೋಣಿಯ ಹುಚ್ಚು. ಅಷ್ಟಕ್ಕೇ ಹಳ್ಳಕ್ಕೆ ಅಡ್ಡ ಒಡ್ಡು ಹಾಕಿಸಿದ. ನೆಲ ಅಗೆಯಲು ಬಯಲುಸೀಮೆಯಿಂದ ಜನ ಬಂದರು, ಕಲ್ಲು ಎತ್ತುಗಳ ಮೇಲೆ ಬಂತು. ಆಮೇಲೆ ದೋಣಿಮನೆ, ವಾದ್ಯದವರಿಗೆ ಎಂಟು ಕಂಬದ ಮಂಟಪ, ದೊರೆಸಾನಿಯರು ನೀರಿಗಿಳಿಯಲು ಕೆತ್ತನೆಯ ಮೆಟ್ಟಿಲು. ಕೊನೆಗೆ ನಾನು ಎಲ್ಲರನ್ನೂ ಒಡ್ಡಿನ ಮೇಲೆ ಕರೆದೊಯ್ದು ಒಂದು ಕಬ್ಬಿಣದ ಚಕ್ರ ತೋರಿಸುತ್ತಿದ್ದೆ. "ಇದನ್ನು ತಿರುಗಿಸಿದರೆ ತಳದ ತೂಬು ತೆರೆಯುತ್ತದೆ. ಒಂಬತ್ತು ದಿನದಲ್ಲಿ ಇಡೀ ಕೆರೆ ಖಾಲಿ. ಇಂದಿಗೂ!" ಇಂದಿಗೂ ಎನ್ನುವಾಗ ಬೆರಳೆತ್ತುತ್ತಿದ್ದೆ. ಜನ ಚಕ್ರ ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅತನೂರಿನ ಕರಿ ಮಣ್ಣಿನಲ್ಲಿ ಬೆಳೆದವನು ನಾನು, ಚಳಿಗೆ ಮಫ್ಲರ್ ಸುತ್ತಿಕೊಂಡು ಬಿಳಿಯನ ದೋಣಿಯ ಹುಚ್ಚನ್ನು ಹೊಗಳುತ್ತ ನಿಲ್ಲುತ್ತಿದ್ದೆ.

ಅಲ್ಲಿ ಕರಿಯಣ್ಣ ಎಂಬ ದೋಣಿಯವನಿದ್ದ. ಐವತ್ತು ದಾಟಿದ ಆಳು, ಮಾತು ಕಡಿಮೆ. ಆ ಜೌಗಿನಲ್ಲಿ ಎಮ್ಮೆ ಮೇಯಿಸುತ್ತಿದ್ದವರ ವಂಶ ಅವನದು. ಒಂದು ದಿನ ನನ್ನ ಭಾಷಣ ಮುಗಿದ ಮೇಲೆ ಹತ್ತಿರ ಬಂದು, "ಸಾರ್, ನಮ್ಮ ದೇವರ ಕಲ್ಲುಗಳೂ ಅದರೊಳಗೇ ಅವೆ. ಅದನ್ನೂ ಒಂದು ಮಾತು ಸೇರಿಸಿ" ಎಂದ. ಅವನಪ್ಪನ ಕಾಲದಲ್ಲಿ ಪ್ರತಿ ಬೇಸಿಗೆ ನೀರು ಇಳಿದು ಕಲ್ಲುಗಳ ನೆತ್ತಿ ಕಾಣುತ್ತಿತ್ತಂತೆ, ಮನೆಮಂದಿಯೆಲ್ಲ ಕೆಸರಿನಲ್ಲಿ ನಡೆದು ಹೋಗಿ ಹಾಲು ಎರೆದು ಬರುತ್ತಿದ್ದರಂತೆ. "ಈಗ ಕಾಣಲ್ಲ, ನೀರು ಇಳಿಯೋದೇ ಇಲ್ಲ" ಎಂದ. ಯಾಕೆ ಇಳಿಯುವುದಿಲ್ಲ ಎಂದು ನಾನು ಕೇಳಲಿಲ್ಲ. ನೋಡೋಣ ಎಂದೆ. ಹಾಳೆಯಲ್ಲಿ ಇರದ ಮಾತನ್ನು ಹೇಳುವ ಉಸಾಬರಿ ನನಗೇಕೆ ಬೇಕಿತ್ತು?

ಏಪ್ರಿಲ್‌ನಲ್ಲಿ ಅಕ್ಕನನ್ನು ಕರೆಸಿಕೊಂಡೆ. ನೀಲಮ್ಮ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಆಳಂದದ ಕಡೆ ಕೊಟ್ಟಿದ್ದರು, ಎರಡೇ ವರ್ಷಕ್ಕೆ ಗಂಡ ಸತ್ತ, ತಿರುಗಿ ಮನೆಗೆ ಬಂದಳು. ಅದೇ ವರ್ಷ ಅವ್ವ ಹೋದಳು. ಅಲ್ಲಿಂದ ನನಗೆ ಅವ್ವನೂ ಅವಳೇ. ಅವಳು ರೊಟ್ಟಿ ಬಡಿದು ಹಾಕಿ ಓದಿಸಿರದಿದ್ದರೆ ನಾನು ಇಲಾಖೆಯ ಮೆಟ್ಟಿಲೂ ಹತ್ತುತ್ತಿರಲಿಲ್ಲ. ಸಕ್ಕರೆ ಕಾಯಿಲೆ, ಮಂಡಿನೋವು, ಮೇಲೆ ನಮ್ಮೂರಿನ ಆ ಸುಡುಬಿಸಿಲು. ಒಂದು ಬೇಸಿಗೆಯಾದರೂ ತಂಪಿನಲ್ಲಿ ಇರಲಿ ಎಂದು ನನ್ನಾಸೆ. ಬಸ್ಸಿನಿಂದ ಇಳಿದವಳೇ ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದುಕೊಂಡು ಕೆರೆ ನೋಡಿದಳು. "ಯವ್ವಾ! ಇಷ್ಟು ನೀರು ಇಟಗೊಂಡು ಈ ಮಂದಿ ಏನ್ ಮಾಡ್ತಾರೋ ತಮ್ಮಾ?" ಎಂದಳು.

"ದೋಣ್ಯಾಗ ಕುಂದರ್ತಾರ."

"ಬರೇ ಕುಂದರಾಕ?" ಎಂದು ಬಾಯಿಗೆ ಸೆರಗು ಹಚ್ಚಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಅಕ್ಕನ ಒಂದು ಪದ್ಧತಿ ಹೇಳಬೇಕು. ಹುಟ್ಟಿದ ದಿನ ನಮ್ಮ ಮನೆತನದ ಗುರು, ಆಗಿನ ಹಿರಿಯ ಅಯ್ಯನವರು ಕಟ್ಟಿದ ಇಷ್ಟಲಿಂಗ ಅವಳ ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇರುತ್ತಿತ್ತು. ದಿನಾ ಮುಂಜಾನೆ ಅದನ್ನು ಹೊರತೆಗೆದು ಎಡಗೈಯಲ್ಲಿಟ್ಟು ಪೂಜೆ ಮಾಡದೆ, ಅದಕ್ಕೆ ತೋರಿಸದೆ, ಒಂದು ಗುಟುಕು ನೀರೂ ಕುಡಿದವಳಲ್ಲ. ಇದು ನಮ್ಮಲ್ಲಿ ಅನೇಕರು ಮಾಡುತ್ತಾರೆ. ಆದರೆ ಅಕ್ಕ ಘತ್ತರಗಿಗೆ ಹೋದಾಗೆಲ್ಲ ಇನ್ನೊಂದು ಮಾಡುತ್ತಿದ್ದಳು. ಮೆಟ್ಟಿಲಿಳಿದು ಲಿಂಗ ಇದ್ದ ಅಂಗೈಯನ್ನೇ ಭೀಮೆಯೊಳಗೆ ಅದ್ದಿ ಹರಿವ ನೀರಿನಲ್ಲಿ ಲಿಂಗದ ಸ್ನಾನ ಮಾಡಿಸುತ್ತಿದ್ದಳು. ಅಲ್ಲಿ ಮೊಣಕಾಲುದ್ದ ನೀರು, ಕೆಳಗೆ ಗಟ್ಟಿ ಮರಳು, ಭಯವೇನಿಲ್ಲ.

ಅವಳು ಬಂದ ಮೂರನೆಯ ದಿನ ನನ್ನ ದೊಡ್ಡಸ್ತಿಕೆ ತೋರಿಸಿಕೊಂಡೆ. ಪ್ರವಾಸಿಗಳ ಗುಂಪಿನಲ್ಲಿ ಅವಳನ್ನೂ ನಿಲ್ಲಿಸಿ ಇತಿಹಾಸ ಹೇಳಿದೆ. ಕೊನೆಯಲ್ಲಿ ಅವಳಿಗಾಗಿ ಒಂದು ಮಾತು ಸೇರಿಸಿದೆ. "ಇದು ನಿಂತ ನೀರಲ್ಲ ಅಕ್ಕಾ. ಒಳಗ ಹಳ್ಳ ಹರೀತದ, ಕೆಳಗ ಹೋಗಿ ನದಿ ಸೇರ್ತದ. ಅಂದ್ರ ಇದೂ ಗಂಗಿನೇ." ಇದು ಹಾಳೆಯಲ್ಲಿ ಇರಲಿಲ್ಲ. ಕರಿಯಣ್ಣನ ದೇವರಿಗೆ ಜಾಗ ಇಲ್ಲದ ಭಾಷಣದಲ್ಲಿ ನನ್ನ ಈ ಜಾಣತನಕ್ಕೆ ಜಾಗ ಇತ್ತು.

ಮರುದಿನ ಮುಂಜಾನೆ ನಾನು ಕ್ವಾರ್ಟರ್ಸಿನಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದಾಗ ಕರಿಯಣ್ಣ ಓಡಿ ಬಂದ. "ಸಾರ್, ಅಮ್ಮ ಮೆಟ್ಟಿಲ ಹತ್ತಿರ ಕೂತವ್ರೆ. ಏಳಲ್ಲ ಅಂತಾರೆ." ಮುಖದ ಸಾಬೂನು ಒರೆಸಿಕೊಳ್ಳದೆ ಓಡಿದೆ. ಅಕ್ಕ ದೊರೆಸಾನಿಯರ ಮೆಟ್ಟಿಲ ಮೇಲೆ ಒದ್ದೆ ಸೀರೆಯಲ್ಲಿ ಕೂತಿದ್ದಳು. ಖಾಲಿ ಎಡಗೈ ಹಾಗೇ ಮುಂದೆ ಚಾಚಿತ್ತು. ಹಸಿರು ಪಾಚಿಯ ಮೇಲೆ ಕಾಲು ಜಾರಿದ ಗೆರೆ ಕಾಣುತ್ತಿತ್ತು. "ತಮ್ಮಾ, ಕೈಯಾಗಿಂದು ಹೋತೋ" ಎಂದಳು. ಅಷ್ಟೇ. ಅಳಲಿಲ್ಲ, ಬಾಯಿ ಬಡಿದುಕೊಳ್ಳಲಿಲ್ಲ.

ಕರಿಯಣ್ಣ ಅಂಗಿ ಬಿಚ್ಚಿ ಜಿಗಿದ. ಎಷ್ಟು ಸಲ ಮುಳುಗಿದನೋ ಲೆಕ್ಕವಿಲ್ಲ. ಮೆಟ್ಟಿಲು ನಾಲ್ಕೇ, ಆಮೇಲೆ ಎರಡಾಳು ಆಳ. ತಳ ಸಿಗುವುದಿಲ್ಲ ಸಾರ್, ಹೂಳು, ಕೈ ಹಾಕಿದರೆ ತೋಳಿನವರೆಗೆ ಹೋಗುತ್ತದೆ ಎಂದ. ಆಗ ನನಗೆ ಚಕ್ರ ನೆನಪಾಯಿತು. ಒಂಬತ್ತು ದಿನ! ಒಂಬತ್ತು ಬೇಡ, ಎರಡು ದಿನ ನೀರು ಬಿಟ್ಟರೆ ದಂಡೆಯ ಈ ಮೂಲೆ ಬತ್ತುತ್ತದೆ. ದೋಣಿಮನೆಯ ಮ್ಯಾನೇಜರರ ಕೋಣೆಗೆ ಓಡಿ ಹೋಗಿ ಕೈ ಮುಗಿದು ಕೇಳಿದೆ. ಅವರು ನನ್ನನ್ನು ಮೇಲೆ ಕೆಳಗೆ ನೋಡಿದರು. "ಅಲ್ಲ ಶರಣಪ್ಪ, ನಿಮ್ಮ ಭಾಷಣವನ್ನ ನೀವೇ ನಂಬಿಬಿಟ್ರಾ? ಆ ತೂಬಿಗೆ ಕಾಂಕ್ರೀಟ್ ತುಂಬಿ ಯಾವ ಕಾಲ ಆಯ್ತೋ. ಸೀಜನ್ನಲ್ಲಿ ನೀರು ಇಳಿದರೆ ದೋಣಿ ಹೇಗೆ ಓಡಿಸೋದು? ಚಕ್ರ ಫೋಟೊಗೆ ಇರೋದು ಕಣ್ರೀ" ಎಂದರು. ಎಂಟು ತಿಂಗಳು ಬೆರಳೆತ್ತಿ ಇಂದಿಗೂ ಇಂದಿಗೂ ಎಂದಿದ್ದೆನಲ್ಲ! ಒಮ್ಮೆಯೂ ಆ ಚಕ್ರವನ್ನು ತಿರುಗಿಸಿ ನೋಡಿರಲಿಲ್ಲ. ಕರಿಯಣ್ಣನ ದೇವರು ಯಾಕೆ ಕಾಣುವುದಿಲ್ಲ ಎಂಬುದೂ ನನಗೆ ಗೊತ್ತಾದದ್ದು ಆ ಕೋಣೆಯಲ್ಲಿ.

ಅಕ್ಕ ಮೆಟ್ಟಿಲು ಬಿಟ್ಟು ಏಳಲಿಲ್ಲ. ಲಿಂಗವಿಲ್ಲದೆ ನೀರು ಮುಟ್ಟುವುದಿಲ್ಲ ಎಂದಳು. ಸಂಜೆ ಹೊತ್ತುಕೊಂಡೇ ಮನೆಗೆ ತಂದೆವು, ಬೆಳಗಾಗುತ್ತಲೇ ಗೋಡೆ ಹಿಡಿದು ಮತ್ತೆ ಅಲ್ಲಿಗೇ ಬಂದಳು. ಡಾಕ್ಟರು ಬಂದು ಸಕ್ಕರೆ ಕಾಯಿಲೆಯವರು, ನೀರೂ ಇಲ್ಲದಿದ್ದರೆ ನಾಳೆಗೆ ಕಷ್ಟ ಎಂದರು. ಸೂಜಿ ತೆಗೆದದ್ದೇ ಅವಳು ಕೈ ಕಿತ್ತುಕೊಂಡಳು. ಅತನೂರಿನ ಅಯ್ಯನವರಿಗೆ ಫೋನು ಹಚ್ಚಿದೆ. ಅವರು ಒಳ್ಳೆಯವರು, ಬೈಯಲಿಲ್ಲ. "ಕರಕೊಂಡು ಬಾ ಶರಣಪ್ಪ. ಬ್ಯಾರೆ ಲಿಂಗ ಕೊಟ್ಟು ದೀಕ್ಷಾ ಮಾಡೋಣು. ಅಲ್ಲಿ ತನಕ ನೀರು ಕುಡಿ ಅಂತ ನಾ ಹೇಳೇನಿ ಅಂತ ಹೇಳು" ಎಂದರು. ಫೋನನ್ನು ಅಕ್ಕನ ಕಿವಿಗೆ ಹಿಡಿದೆ.

"ಅಯ್ಯನವರ, ಕಳದು ಹೋಗಿದ್ರ ಬ್ಯಾರೆ ತಗೋತಿದ್ನಿರಿ" ಎಂದಳು, ದನಿ ಆಗಲೇ ಒಣಗಿತ್ತು. "ಇದು ಕಳದಿಲ್ಲರಿ. ಇಲ್ಲೇ ಅದ, ನನ್ನ ಕಣ್ಣ ಮುಂದ ಅದ. ನಿಮ್ಮ ಅಪ್ಪಾರು ಕಟ್ಟಿದ್ದನ್ನ ನೀರಾಗ ಬಿಟ್ಟು ಹ್ಯಾಂಗ ಬರಲ್ರಿ?"

ಕರಿಯಣ್ಣ ಅವಳ ಪಕ್ಕ ಕೂತು ತನ್ನ ಮಾತು ಹೇಳಿದ. "ಅಮ್ಮಾ, ನಮ್ಮ ದೇವರೂ ಇದರೊಳಗೇ ಐತೆ. ನಾವು ಉಣ್ತಾ ಇಲ್ವಾ? ದಡದಲ್ಲಿ ನಿಂತು ಕೈ ಮುಗಿದರೆ ಅದಕ್ಕೆ ಗೊತ್ತಾಗ್ತದೆ." ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟಳು. "ನಿಂದು ನೆಲದ ದೇವ್ರಪ್ಪಾ, ಇದ್ದಲ್ಲೇ ಇರ್ತದ. ನಂದು ಎದಿ ಮ್ಯಾಲಿಂದು. ಹ್ಯಾಂಗ ಹೇಳ್ಲಿ ನಿನಗ?" ಎಂದಳು. ಕರಿಯಣ್ಣ ಕಣ್ಣೊರೆಸಿಕೊಂಡು ಎದ್ದು ಮತ್ತೆ ನೀರಿಗಿಳಿದ. ಅಷ್ಟರಲ್ಲಿ ಪ್ರವಾಸಿಗಳ ಬಸ್ಸು ಬಂತು. ನಾನು ಹೋಗಿ ಇತಿಹಾಸ ಹೇಳಿದೆ. ಹೇಳಬೇಕಲ್ಲ, ನೌಕರಿ! ಒಡ್ಡಿನ ಮೇಲೆ ನಿಂತು ಚಕ್ರವನ್ನೂ ತೋರಿಸಿದೆ, ಬೆರಳು ಮಾತ್ರ ಎತ್ತಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಅಕ್ಕನ ತುಟಿ ಬಿರಿದು ರಕ್ತ ಬಂತು. ಮಾತಾಡಿಸಿದರೆ ಕಣ್ಣು ಮಾತ್ರ ತೆರೆಯುತ್ತಿದ್ದಳು. ಆಗ ನಾನು ಬಸ್ಸು ಹತ್ತಿ ಕೆಳಗಿನ ಪೇಟೆಗೆ ಹೋದೆ. ಅಲ್ಲಿ ಒಂದು ಮಠದ ಮುಂದೆ ವಿಭೂತಿ, ರುದ್ರಾಕ್ಷಿ ಮಾರುವ ಅಂಗಡಿಗಳಿವೆ. ಕರಿಯ ಇಷ್ಟಲಿಂಗಗಳನ್ನು ಬುಟ್ಟಿಯಲ್ಲಿ ಸುರಿದಿದ್ದರು. ಅಕ್ಕನದರ ಅಳತೆಯನ್ನು ಬೆರಳಲ್ಲೇ ನೆನೆಸಿಕೊಂಡು ಒಂದನ್ನು ಆರಿಸಿದೆ. ಅಂಗಡಿಯ ಮುದುಕ ಕಾಗದದಲ್ಲಿ ಸುತ್ತಿ ಕೊಡುತ್ತ, "ಗುರುಗಳ ಕೈಯಿಂದ ಕೊಡಿಸಿಕೊಳ್ಳಿ. ಅಲ್ಲೀವರೆಗೆ ಇದು ಬರೀ ಕಲ್ಲು" ಎಂದ. ಹೂಂ ಎಂದೆ. ಮನೆಗೆ ಬಂದು ಅದನ್ನು ಇಟ್ಟಿಗೆಗೆ ತಿಕ್ಕಿ ಹೊಳಪು ತೆಗೆದೆ, ಎಣ್ಣೆ ಬೂದಿ ಸವರಿದೆ, ಕೆರೆಯ ಕೆಸರು ಮೆತ್ತಿದೆ. ಆಮೇಲೆ ಕರಿಯಣ್ಣನ ಮುಂದೆ ಹಿಡಿದೆ.

ಅವನು ಮುಟ್ಟಲಿಲ್ಲ. "ದೇವರ ವಿಷಯ ಸಾರ್. ನನ್ನ ಕೈಲಿ ಮಾಡಿಸಬೇಡಿ" ಎಂದ. ನಾನು ಅವನ ಕಾಲು ಹಿಡಿದೆ. ಖರೇ ಹೇಳುತ್ತೇನೆ, ಕಾಲು ಹಿಡಿದೆ. ನನಗೆ ಧರ್ಮ ಬೇಕಿರಲಿಲ್ಲ, ಅಕ್ಕ ಬೇಕಾಗಿದ್ದಳು.

ಮೂರನೆಯ ದಿನ ಮುಂಜಾನೆ ಅಕ್ಕನ ಕಣ್ಣೆದುರು ಕರಿಯಣ್ಣ ಮುಳುಗಿದ. ಬಹಳ ಹೊತ್ತು ಮೇಲೆ ಬರಲಿಲ್ಲ. ಬಂದಾಗ ಬಲಗೈ ಮುಷ್ಟಿ ಕಟ್ಟಿತ್ತು. ಮೆಟ್ಟಿಲ ಮೇಲೆ ಬಂದು, ಮುಖ ಬೇರೆ ಕಡೆ ತಿರುಗಿಸಿಕೊಂಡು, ಅವಳ ಅಂಗೈಯಲ್ಲಿ ಇಟ್ಟ. ನಾನು ಗಳಗಳನೆ ಅತ್ತೆ. ಅದು ನಟನೆಯಲ್ಲ, ಎರಡು ದಿನ ತಡೆದದ್ದೆಲ್ಲ ಒಡೆದು ಬಂತು. ಅಕ್ಕ ಅದನ್ನು ಬೆರಳಿನಿಂದ ಮೆಲ್ಲಗೆ ಸವರಿದಳು, ಒಂದು ಸುತ್ತು ತಿರುಗಿಸಿದಳು. ಕರಿಯಣ್ಣನ ಬೆನ್ನು ನೋಡಿದಳು. ನನ್ನನ್ನು ನೋಡಿದಳು, ಬಹಳ ಹೊತ್ತು ನೋಡಿದಳು. "ಅಳಬ್ಯಾಡ ತಮ್ಮಾ. ನೀರು ಕೊಡು, ಕುಡೀತೇನಿ" ಎಂದಳು. ಸಂತೋಷಕ್ಕೆ ಹೆಚ್ಚು ಮಾತು ಬರುತ್ತಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಕರಿಯಣ್ಣ ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ನಾನು ಊರು ಬಿಡುವ ದಿನ ಹುಡುಕಿಕೊಂಡು ಹೋದರೆ ದೋಣಿಯನ್ನು ಕೆರೆಯ ನಡುವಿಗೆ ಒಯ್ದುಕೊಂಡು ನಿಂತುಬಿಟ್ಟ. ಅವನ ದೇವರ ಮಾತನ್ನು ಕೊನೆಯ ನಾಲ್ಕು ತಿಂಗಳು ದಿನಾ ಭಾಷಣದಲ್ಲಿ ಸೇರಿಸಿದೆ. ಅದನ್ನು ಕೇಳಲು ಅವನು ಹತ್ತಿರ ಬರುತ್ತಲೇ ಇರಲಿಲ್ಲ.

ಅತನೂರಿಗೆ ಮರಳಿದ ಮೇಲೆ ಅಕ್ಕ ಮೂರು ವರ್ಷ ಇದ್ದಳು. ಘತ್ತರಗಿಗೆ ಹೋಗೋಣ ಬಾ ಎಂದರೆ ಮಂಡಿ ತೋರಿಸಿದಳು. ಅರ್ಧ ತಾಸು ಹಿಡಿಯುತ್ತಿದ್ದ ಪೂಜೆ ಎರಡು ನಿಮಿಷಕ್ಕೆ ಇಳಿಯಿತು. ಮೊದಲು ಲಿಂಗ ನೋಡುತ್ತ ಏನೇನೋ ಗುಣುಗುಣು ಮಾತಾಡುತ್ತಿದ್ದಳು, ಮನೆಯ ಸುದ್ದಿ, ನೆರೆಯವರ ಸುದ್ದಿ, ನನ್ನ ಮೇಲಿನ ದೂರು. ಆ ಗುಣುಗುಣು ನಿಂತುಹೋಯಿತು. ಇನ್ನೊಂದು ಸಂಗತಿ. ಹೊಸ ಕಲ್ಲು ಹಳೆಯದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಅವಳು ನಡೆದರೆ ಕರಡಿಗೆಯೊಳಗೆ ಟಕ್ ಟಕ್ ಎನ್ನುತ್ತಿತ್ತು. ಒಂದು ದಿನ ಆ ಸದ್ದೂ ನಿಂತಿತು. ಅವಳು ಕೂತು ಕರಡಿಗೆಗೆ ಅರಳೆ ತುಂಬುವುದನ್ನು ಬಾಗಿಲ ಸಂದಿಯಿಂದ ನೋಡಿದೆ. ನೋಡಿ ಹಿತ್ತಲಿಗೆ ಹೋದೆ.

ಅಯ್ಯನವರ ಮನೆ ನಮ್ಮ ಓಣಿಯಿಂದ ಎರಡೇ ಓಣಿ ಆಚೆ. ಲಿಂಗ ಸಿಕ್ಕಿತು ಎಂದು ಅವರಿಗೂ ಆಗಲೇ ಫೋನಿನಲ್ಲಿ ಸುಳ್ಳು ಹೇಳಿದ್ದೆ. ಒಂದು ದಿನ ಹೋಗಿ, ಹಿಂಗಿಂಗ ಮಾಡೇನ್ರಿ, ತಪ್ಪಾತು ಎಂದಿದ್ದರೆ ಮುಗಿಯುತ್ತಿತ್ತು. ಅದೇ ಕಲ್ಲಿಗೆ ಅವರು ಸಂಸ್ಕಾರ ಮಾಡಿ ಕೊಡುತ್ತಿದ್ದರೋ, ಬೇರೆಯೇ ಕೊಡುತ್ತಿದ್ದರೋ, ಏನಾದರೂ ಒಂದು ಆಗುತ್ತಿತ್ತು. ಮೂರು ವರ್ಷ ಇತ್ತಲ್ಲ, ಸಾವಿರ ಮುಂಜಾನೆ! ಇವತ್ತು ಹೋಗೋಣ, ಅಮಾಸಿ ಕಳೆಯಲಿ, ಹಬ್ಬ ಕಳೆಯಲಿ ಎಂದೆ. ನಾಚಿಕೆ ಎನ್ನುವುದು ಹೊರಗೆ ಹೋಗುವ ಕಾಲನ್ನು ಹಿಡಿದುಕೊಳ್ಳುತ್ತದೆ. ನಾಚಿಕೆ ಎಂದು ಹೇಳಿದರೂ ಅದು ಸುಳ್ಳೇ. ಹೆದರಿದ್ದೆ, ಅಷ್ಟೇ.

ಹೋದ ಶ್ರಾವಣದಲ್ಲಿ ಅಕ್ಕನನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದೆವು. ನಾಲ್ಕನೆಯ ದಿನ ಮುಂಜಾನೆ ಹೆಂಡತಿ ಚಹಾ ತರಲು ಹೋಗಿದ್ದಳು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಶರಣಪ್ಪ, ಮಣ್ಣಾಗ ಇಡೂ ಹೊತ್ತಿನಾಗ ಅದನ್ನ ನನ್ನ ಕೈಯಾಗ ಇಡಬ್ಯಾಡ."

"ಯಾವುದು ಅಕ್ಕಾ?" ಎಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ, ಹಾಗೆ ಕೇಳಿದೆ.

"ನಿನಗ ಗೊತ್ತದ" ಎಂದಳು. ಸಿಟ್ಟಿರಲಿಲ್ಲ, ಸಣ್ಣವನಿದ್ದಾಗ ಜ್ವರ ಬಂದರೆ ಮಾತಾಡಿಸುತ್ತಿದ್ದಳಲ್ಲ, ಅದೇ ದನಿ. "ಕೈ ಮುಟ್ಟಿದ ಕೂಡಲೇ ಗೊತ್ತಾತು. ನೀ ಅಳಾಕತ್ತಿದ್ದಿ. ನಾ ಉಣಲಿಲ್ಲಂದ್ರ ನೀ ಉಣತಿರಲಿಲ್ಲ. ಅದಕ್ಕ ಕುಡದ್ನಿ. ಮೂರು ವರ್ಷ ನಿನಗಂತ ಉಂಡೇನಿ ತಮ್ಮಾ. ಇನ್ನ ಸಾಕು. ನಂದು ಅಲ್ಲೇ ನೀರಾಗ ಅದ, ನನ್ನ ದಾರಿ ನೋಡಾಕತ್ತದ. ಬರೇ ಕೈಲೆ ಕಳಿಸು. ಇದೊಂದು ಮಾತು ನಡಸಿಕೊಡು."

"ನಡಸ್ತೇನಿ" ಎಂದೆ. ಮರುದಿನ ಸಂಜೆ ಹೊತ್ತು ಮುಳುಗುವ ಮೊದಲು ಹೋದಳು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಎದೆಯ ಮೇಲಿನ ಲಿಂಗವನ್ನು ಎಡಗೈಯಲ್ಲಿಟ್ಟು ಕಳಿಸುತ್ತೇವೆ. ಹೊಲದಲ್ಲಿ ಗುಂಡಿ ತೋಡಿತ್ತು, ಮಳೆ ಬಿದ್ದ ಕರಿ ಮಣ್ಣು ಕಾಲಿಗೆ ಮೆತ್ತುತ್ತಿತ್ತು. ಅತನೂರಿನ ಅರ್ಧ ಊರು ಬಂದಿತ್ತು, ಆಳಂದದ ಕಡೆಯಿಂದ ಅವಳ ಮೈದುನಂದಿರೂ ಬಂದಿದ್ದರು. ಅಕ್ಕನನ್ನು ಒಳಗೆ ಕೂರಿಸಿ ವಿಭೂತಿ ಹಚ್ಚಿದರು. ಅಯ್ಯನವರು ಗುಂಡಿಯೊಳಗಿನಿಂದ ಕೈ ಮೇಲೆ ಚಾಚಿದರು. "ಲಿಂಗ ಕೊಡು ಶರಣಪ್ಪ."

ಕರಡಿಗೆ ನನ್ನ ಅಂಗಿಯ ಜೇಬಿನಲ್ಲಿತ್ತು. ಇಲ್ಲ ಎಂದರೆ ಸಾಕಿತ್ತು. ಆದರೆ ಇಲ್ಲ ಎಂದರೆ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಲಿಂಗ ಇಲ್ಲದ ಹೆಂಗಸು ಎನ್ನುತ್ತಾರೆ. ಅಷ್ಟು ನಿಷ್ಠೆಯವಳ ಮೇಲೆ ಅಂಥ ಮಾತು ಬರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಮಂದಿ ಎಲ್ಲ ನನ್ನ ಮುಖ ನೋಡುತ್ತಿದ್ದರು. "ಏ, ಲಗೂ ಕೊಡಪ್ಪ, ಮಳಿ ಬರಾಕತ್ತದ" ಎಂದು ಹಿಂದಿನಿಂದ ಯಾರೋ ಅಂದರು.

ಕೊಟ್ಟೆ.

ಅಯ್ಯನವರು ಅರಳೆ ಬಿಡಿಸಿ ಒಗೆದು, ಕಲ್ಲನ್ನು ಅಕ್ಕನ ಎಡಗೈಯಲ್ಲಿಟ್ಟು ಬೆರಳು ಮುಚ್ಚಿದರು. ಬೆರಳು ನಿಲ್ಲದೆ ಮತ್ತೆ ಬಿಚ್ಚಿಕೊಂಡವು. ಅವರು ಇನ್ನೊಮ್ಮೆ ಮುಚ್ಚಿ ದಾರದಿಂದ ಬಿಗಿದು ಕಟ್ಟಿದರು. ಮೊದಲ ಹಿಡಿ ಮಣ್ಣು ನಾನು ಹಾಕಿದೆ.